ಎರಡೂ ಪಟ್ಟಿಯಲ್ಲಿ ಇಲ್ಲದವರು

ಕೀರ್ತಿಪುರ
28 ಜೇಠ್, ವಿಕ್ರಮ ಸಂವತ್ 2073

ಇಂದ್ರಹಾಂಗ್,

ನೀವು ಎಂದು ಬರೆಯಲೋ ನೀನು ಎಂದು ಬರೆಯಲೋ ತಿಳಿಯದೆ ಎರಡು ಹಾಳೆ ಹರಿದುಹಾಕಿದೆ. ಐದು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ರೋಗಿಗಳಿಗೆ ಡಯಾಲಿಸಿಸ್ ಕುರ್ಚಿ ಹಂಚುವ ಒಂದೇ ಪ್ರೋಗ್ರಾಂ ಬರೆದವರು ನಾವು. ನೀನು ಎಂದೇ ಬರೆಯುತ್ತೇನೆ. ನಿನ್ನ ಫೋನ್ ನಂಬರು ಬದಲಾಗಿದೆ. ಭೋಜ್‌ಪುರದ ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದೀಯೆಂದು ನಿನ್ನ ಅತ್ತಿಗೆ ಹೇಳಿದರು. ಶಾಲೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ.

ಈ ಮಂಗಳವಾರ ಆಫೀಸಿಗೆ ಒಬ್ಬ ಹೆಂಗಸು ಬಂದಳು. ಸುನ್ತಲಿ ತಾಮಾಂಗ್, ನುವಾಕೋಟ್ ಕಡೆಯವಳು. ಬಂದವಳು ಕೂರಲಿಲ್ಲ. ಸೆರಗಿನ ಗಂಟಿನಿಂದ ಒಂದು ಹಳೇ ಫೋನ್ ತೆಗೆದು ನನ್ನ ಮುಂದೆ ಹಿಡಿದಳು.

"ಬಹಿನಿ, ನಮ್ಮೆಜಮಾನ್ರಿಗೆ ನಿಮ್ಮಿಂದ ಬಂದ ಮೆಸೇಜಿದು. ನಂಗೆ ಓದೋಕೆ ಬರಲ್ಲ. ಇದ್ರಲ್ಲಿ ಕರೆ ಬರುತ್ತೆ ಅಂತ ಬರ್ದಿದೆಯಂತೆ, ಹೌದಾ?"

ಓದಿದೆ. ನಿಮ್ಮ ಡಯಾಲಿಸಿಸ್ ಕುರ್ಚಿಯನ್ನು ಬೇರೆ ಕೇಂದ್ರಕ್ಕೆ ಬದಲಾಯಿಸಲಾಗಿದೆ, ಹಳೆಯ ಕೇಂದ್ರಕ್ಕೆ ಹೋಗಬೇಡಿ, ಹೊಸ ಕೇಂದ್ರದಿಂದ ಕರೆ ಬರುತ್ತದೆ. ಆ ವಾಕ್ಯಗಳು ನಮ್ಮವೇ. ಒಂದೇ ಮೆಸೇಜಿನಲ್ಲಿ ಹಿಡಿಯಬೇಕೆಂದು ನೀನೂ ನಾನೂ ಅಕ್ಷರ ಎಣಿಸಿ ಬರೆದದ್ದು ನೆನಪಿದೆಯಾ?

"ಹೌದು ದಿದಿ, ಕರೆ ಬರುತ್ತೆ ಅಂತಿದೆ" ಅಂದೆ.

"ಅವ್ರು ಹೋಗಿ ಏಳು ತಿಂಗ್ಳಾಯ್ತು. ನೀವು ಕರೆ ಮಾಡಿದ್ರೆ ಹೇಳೋಣಾಂತ ಫೋನ್ ದಿನಾ ಚಾರ್ಜ್ ಮಾಡಿ ಇಟ್ಕೊಂಡಿದ್ದೆ. ನೀವು ಮಾಡ್ಲೇ ಇಲ್ಲ. ಅವ್ರ ಕುರ್ಚಿ ಸುಮ್ನೆ ಖಾಲಿ ಬಿದ್ದಿರುತ್ತಲ್ಲ, ಪಾಪ, ಯಾರಿಗೋ ಬೇಕಿರುತ್ತೆ. ಬೇರೆಯವ್ರಿಗೆ ಕೊಟ್ಬಿಡಿ ಅಂತ ಹೇಳೋಕೆ ಬಂದೆ."

ಅವಳನ್ನು ಕೂರಿಸಿ ಕಂಪ್ಯೂಟರಿನಲ್ಲಿ ಹುಡುಕಿದೆ. ಹಳೇ ಕೇಂದ್ರದ ಪಟ್ಟಿಯಲ್ಲಿ ಅವಳ ಗಂಡನ ಹೆಸರಿಲ್ಲ, ತೆಗೆದುಹಾಕಿದೆ. ಹೊಸ ಕೇಂದ್ರದ ಪಟ್ಟಿಯಲ್ಲೂ ಇಲ್ಲ, ಬರೆದೇ ಇಲ್ಲ. ಹೋದ ಕಾರ್ತಿಕದ ಒಂದು ಮಧ್ಯಾಹ್ನ, ಎರಡು ಗಂಟೆ ಹನ್ನೊಂದು ನಿಮಿಷಕ್ಕೆ, ಪ್ರೋಗ್ರಾಂ ಅವನ ಹೆಸರು ಇಲ್ಲಿಂದ ತೆಗೆದಿದೆ, ಮೆಸೇಜು ಕಳಿಸಿದೆ. ಅಷ್ಟರಲ್ಲಿ ಕರೆಂಟು ಹೋಗಿದೆ. ನಾಕಾಬಂದಿಯ ದಿನಗಳು, ಭಾರತದ ಗಡಿಯಲ್ಲಿ ಲಾರಿಗಳು ನಿಂತು ಜನರೇಟರಿಗೆ ಡೀಸೆಲ್ ಇರಲಿಲ್ಲ. ಕರೆಂಟು ಬಂದಮೇಲೆ ಪ್ರೋಗ್ರಾಂ ಮತ್ತೆ ಶುರುವಾಗಿದೆ. ಅದಕ್ಕೆ ಅವನು ನೆನಪಿರಲಿಲ್ಲ.

ನೀನು ಹೇಳಿದ್ದೆ. ಹೆಸರು ಒಂದು ಕಡೆ ತೆಗೆದು ಇನ್ನೊಂದು ಕಡೆ ಬರೆಯುವ ನಡುವೆ ಏನಾದರೂ ಆದರೆ ಗತಿಯೇನು ಎಂದು ಕೇಳಿದ್ದೆ. ಆ ಜಾಗ ಭದ್ರ ಮಾಡಲು ಎರಡು ತಿಂಗಳು ಬೇಕು ಅಂದಿದ್ದೆ. ಎರಡು ತಿಂಗಳಲ್ಲಿ ಕುರ್ಚಿ ಸಿಗದೆ ಎಷ್ಟು ಜನ ಸಾಯುತ್ತಾರೆ ಎಂದು ನಾನು ಕೂಗಾಡಿದ್ದೆ. ಈಗ ಅದರ ಲೆಕ್ಕ ಹಾಕಲು ಕೂತರೆ ತಲೆ ಓಡುವುದಿಲ್ಲ.

ಸುನ್ತಲಿಗೆ ಏನೂ ಹೇಳಲಿಲ್ಲ. "ಆಗ್ಲಿ ದಿದಿ, ಬೇರೆಯವ್ರಿಗೆ ಕೊಡ್ತೀವಿ" ಅಂದೆ. ಅವಳು ಕೈಮುಗಿದು ಹೋದಳು.

ನನಗೆ ನಿನ್ನ ಸಹಾಯ ಬೇಕು.

ಜುನು ಡಂಗೋಲ್


ಭೋಜ್‌ಪುರ
9 ಅಸಾರ್, 2073

ಜುನು,

ನಿನ್ನ ಪತ್ರ ತಲುಪಿತು. ಫೋನ್ ಬೇಡ. ಫೋನಿನಲ್ಲಿ ನಾವಿಬ್ಬರೂ ಕೂಗುತ್ತೇವೆ. ಪತ್ರ ಬರೆ. ಪ್ರೋಗ್ರಾಮಿನ ಹಾಳೆಗಳನ್ನು ಮುದ್ರಿಸಿ ಬಸ್ಸಿನವರ ಕೈಲಿ ಕಳಿಸು. ಬಜಾರಿನ ಟಿಕೆಟ್ ಕೌಂಟರಿನಲ್ಲಿ ನನ್ನ ಹೆಸರು ಹೇಳಿದರೆ ಇಟ್ಟುಕೊಳ್ಳುತ್ತಾರೆ.

ಮೊದಲು ಎಷ್ಟು ಜನ ಎಂದು ಗೊತ್ತಾಗಬೇಕು. ಕಳಿಸಿದ ಮೆಸೇಜುಗಳ ದಾಖಲೆ ಬೇರೆಯೇ ಇದೆ. ಬದಲಾವಣೆಯ ಮೆಸೇಜು ಯಾರಿಗೆಲ್ಲ ಹೋಗಿದೆ ನೋಡು. ಅವರಲ್ಲಿ ಯಾವ ಕೇಂದ್ರದ ಪಟ್ಟಿಯಲ್ಲೂ ಇಲ್ಲದವರನ್ನು ಬೇರೆ ಮಾಡು. ಅದೇ ನಿನಗೆ ಬೇಕಾದ ಸಂಖ್ಯೆ.

ಅದು ಗೊತ್ತಾಗುವ ತನಕ ಯಾರನ್ನೂ ಕೇಂದ್ರದಿಂದ ಕೇಂದ್ರಕ್ಕೆ ಬದಲಾಯಿಸಬೇಡ. ಬದಲಾಯಿಸಲೇಬೇಕಿದ್ದರೆ ಕಾಗದದ ಮೇಲೆ ಬರೆದುಕೊಂಡು, ಎರಡೂ ಕಡೆಯ ನರ್ಸುಗಳಿಗೆ ನೀನೇ ಫೋನ್ ಮಾಡಿ ಖಚಿತಪಡಿಸಿಕೋ.

ಇಂದ್ರಹಾಂಗ್


ಕೀರ್ತಿಪುರ
21 ಅಸಾರ್, 2073

ಇಂದ್ರ,

ಒಂಬತ್ತು ಹೆಸರು.

ನಾಕಾಬಂದಿಯ ಆ ಐದು ತಿಂಗಳಲ್ಲೇ ಅಷ್ಟೂ. ಆಗ ಒಂದು ಕೇಂದ್ರದಲ್ಲಿ ಸಾಮಗ್ರಿ ಮುಗಿದರೆ ಇನ್ನೊಂದಕ್ಕೆ ಕಳಿಸುವುದು ದಿನದಿನವೂ ನಡೆಯುತ್ತಿತ್ತು. ದಿನಕ್ಕೆ ಹನ್ನೆರಡು ಗಂಟೆ ಕರೆಂಟು ಇರುತ್ತಿರಲಿಲ್ಲ. ಇನ್ವರ್ಟರಿನ ಬ್ಯಾಟರಿ ಸೋತುಹೋಗಿತ್ತು.

ಎಲ್ಲರ ನಂಬರಿಗೂ ನಾನೇ ಫೋನ್ ಮಾಡಿದೆ. ಸಮೀಕ್ಷೆ ಎಂದು ಸುಳ್ಳು ಹೇಳಿದೆ. ಇಬ್ಬರು ಬದುಕಿದ್ದಾರೆ. ಒಬ್ಬರು ಗಡಿ ದಾಟಿ ಸಿಲಿಗುಡಿಗೆ ಹೋದರಂತೆ. ಇನ್ನೊಬ್ಬರ ತಮ್ಮ ಹೊಸ ಕೇಂದ್ರದ ಬಾಗಿಲಲ್ಲೇ ಮೂರು ದಿನ ಕೂತು ಗಲಾಟೆ ಮಾಡಿ ಜಾಗ ಹಿಡಿದನಂತೆ. ಗಲಾಟೆ ಮಾಡಿದವರು ಉಳಿದರು. ನಮ್ಮ ಮಾತು ಕೇಳಿ ಮನೆಯಲ್ಲಿ ಕಾದವರು ಉಳಿಯಲಿಲ್ಲ. ಐದು ಜನ ಹೋಗಿದ್ದಾರೆ, ಸುನ್ತಲಿಯ ಗಂಡನೂ ಸೇರಿ. ಇನ್ನಿಬ್ಬರ ಫೋನ್ ಸಿಗುತ್ತಿಲ್ಲ. ಅವರಲ್ಲೊಬ್ಬಳು ನಿನ್ನ ಕಡೆಯವಳು: ರತ್ನಮಾಯಾ ಕಾರ್ಕಿ, ದಿಂಗ್ಲಾದಿಂದ ಕೆಳಗಿನ ಊರು.

ಇಬ್ಬರು ಹಳೇ ಕೇಂದ್ರಕ್ಕೇ ವಾಪಸ್ ಹೋಗಿ ನೋಡಿದ್ದರಂತೆ. "ನಿಮ್ಮ ಹೆಸ್ರು ಇಲ್ಲಿಲ್ಲ, ಬದಲಾಗಿದೆ, ಕರೆ ಬರುತ್ತೆ ಹೋಗಿ" ಎಂದು ನರ್ಸು ಕಂಪ್ಯೂಟರ್ ನೋಡಿ ಕಳಿಸಿದ್ದಾಳೆ. ಅವಳದೇನು ತಪ್ಪು? ಪರದೆಯ ಮೇಲಿದ್ದದ್ದನ್ನು ಹೇಳಿದಳು.

ಸುವೇದಿ ಸರ್‌ಗೆ ಹೇಳಿದೆ. ನಿರ್ದೇಶಕರ ಕೋಣೆಯ ಬಾಗಿಲು ಹಾಕಿಸಿ ಕೇಳಿಸಿಕೊಂಡರು.

"ಜುನು ಜೀ, ಮೊದ್ಲು ರಿಪೇರಿ ಮಾಡಿ."

"ಮನೆಯವ್ರಿಗೆ ಹೇಳ್ಬೇಕಲ್ಲ ಸರ್."

"ಏನಂತ ಹೇಳ್ತೀರಿ? ನಾಳೆ ಪೇಪರಲ್ಲಿ ಬರುತ್ತೆ, ನಾಡಿದ್ದು ಸಂಸ್ಥೆ ಮುಚ್ಚುತ್ತೆ. ಈಗ ನಾನೂರು ಜನ ನಮ್ಮ ಪಟ್ಟಿ ನಂಬ್ಕೊಂಡು ವಾರಕ್ಕೆರಡು ಸಲ ಕುರ್ಚೀಲಿ ಕೂರ್ತಿದಾರೆ. ಅವ್ರನ್ನ ಎಲ್ಲಿಗೆ ಕಳಿಸ್ತೀರಿ, ಹೇಳಿ."

ಅವರು ಕೆಟ್ಟವರಲ್ಲ.

ರಿಪೇರಿ ಶುರುಮಾಡಿದ್ದೇನೆ. ಡೇಟಾಬೇಸಿಗೆ ಬರೆಯುವ ಜಾಗಗಳು ಪ್ರೋಗ್ರಾಮಿನಲ್ಲಿ ಅರವತ್ತಮೂರು. ಒಂದೊಂದೂ ತನ್ನದೇ ಬಾಗಿಲು ತೆರೆದು ಒಳಗೆ ಹೋಗಿ, ತನ್ನ ಸಾಲು ಬರೆದು, ಬಾಗಿಲು ಹಾಕಿಕೊಂಡು ಬರುತ್ತದೆ. ಪಕ್ಕದವರು ಏನು ಬರೆದರೆಂದು ಕೇಳುವುದಿಲ್ಲ. ನಾನು ಬರೆದದ್ದೇ ಹಾಗೆ. ಎಲ್ಲಿಂದ ಹಿಡಿಯಲಿ? ಹಾಳೆಗಳನ್ನು ಇದರ ಜೊತೆ ಕಳಿಸಿದ್ದೇನೆ.

ಜುನು


ಭೋಜ್‌ಪುರ
6 ಸಾವುನ್, 2073

ಜುನು,

ಹಾಳೆಗಳನ್ನು ಎರಡು ಸಲ ಓದಿದೆ. ಅರವತ್ತಮೂರನ್ನೂ ಒಟ್ಟಿಗೆ ಮುಟ್ಟಬೇಡ. ಹೆಸರು ಜಾಗ ಬದಲಾಯಿಸುವ ಕೆಲಸ ಏಳು ಕಡೆ ಮಾತ್ರ ಇದೆ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ. ಅಲ್ಲಿ ಮೂರು ಬರಹಗಳೂ, ಅಂದರೆ ಇಲ್ಲಿಂದ ತೆಗೆಯುವುದು, ಕುರ್ಚಿ ಬಿಡಿಸುವುದು, ಅಲ್ಲಿ ಬರೆಯುವುದು, ಒಂದೇ ಬಾಗಿಲಿನಿಂದ ಹೋಗಲಿ. ಮೊದಲು ಟ್ರಾನ್ಸಾಕ್ಷನ್ ಶುರು ಎಂದು ಹೇಳು. ಮೂರೂ ಆದಮೇಲೆ ಖಾಯಂ ಮಾಡು ಎಂದು ಹೇಳು. ಆ ಕೊನೆಯ ಮಾತು ಹೇಳುವ ತನಕ ಯಾವುದೂ ಆಗಿಲ್ಲವೆಂದೇ ಲೆಕ್ಕ. ನಡುವೆ ಕರೆಂಟು ಹೋದರೆ ಹೆಸರು ಮೊದಲಿದ್ದ ಪಟ್ಟಿಯಲ್ಲೇ ಇರುತ್ತದೆ. ಪೂರ್ತಿ ಆಗಬೇಕು, ಇಲ್ಲವಾದರೆ ಆಗಲೇಬಾರದು.

ಮುಖ್ಯ ವಿಷಯ ಮೆಸೇಜು. ಈಗ ಅದು ಎರಡು ಬರಹಗಳ ಮಧ್ಯೆ ಹೋಗುತ್ತಿದೆ. ಡೇಟಾಬೇಸಿನಲ್ಲಿ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಒಬ್ಬ ಮನುಷ್ಯನ ಫೋನಿಗೆ ಹೋದದ್ದನ್ನು ತೆಗೆದುಕೊಳ್ಳಲಾಗುವುದಿಲ್ಲ. ಮೂರೂ ಖಾಯಂ ಆದಮೇಲೆ, ಕಟ್ಟಕಡೆಗೆ ಅದನ್ನು ಕಳಿಸು.

ಇಲ್ಲಿ ಭತ್ತದ ನಾಟಿ ಮುಗಿಯುತ್ತಿದೆ. ಅರ್ಧ ತರಗತಿ ಗದ್ದೆಯಲ್ಲಿದೆ. ರಸ್ತೆ ಎರಡು ಕಡೆ ಕುಸಿದಿದೆ. ಪತ್ರ ತಡವಾದರೆ ಅದಕ್ಕೇ. ದಾರಿ ತೆರೆದ ಮೇಲೆ ರತ್ನಮಾಯಾಳ ಊರಿಗೆ ನಾನೇ ಹೋಗಿ ಬರುತ್ತೇನೆ. ಒಂದು ದಿನದ ನಡಿಗೆ.

ನೀನು ಸರಿಯಾಗಿ ಊಟ ಮಾಡುತ್ತಿದ್ದೀಯಾ?

ಇಂದ್ರ


ಕೀರ್ತಿಪುರ
27 ಸಾವುನ್, 2073

ಇಂದ್ರ,

ನೀನು ಹೇಳಿದಂತೆಯೇ ಮಾಡಿದೆ. ಏಳೂ ಕಡೆ. ಆರು ದಿನ ಹಿಡಿಯಿತು. ಆಮೇಲೆ ಒಂದು ಸುಳ್ಳು ಹೆಸರು ಸೇರಿಸಿ, ಜಾಗ ಬದಲಾಯಿಸಲು ಹೇಳಿ, ಮಧ್ಯದಲ್ಲಿ ಪ್ಲಗ್ ಕಿತ್ತೆ. ಮತ್ತೆ ಹಚ್ಚಿ ನೋಡಿದೆ.

ಹೆಸರಿಲ್ಲ. ಇಲ್ಲೂ ಇಲ್ಲ, ಅಲ್ಲೂ ಇಲ್ಲ.

ಹತ್ತು ಸಲ ಮಾಡಿದೆ. ಹತ್ತು ಸಲವೂ ಹೋಯಿತು. ಪ್ರೋಗ್ರಾಂ ಒಂದು ತಪ್ಪನ್ನೂ ತೋರಿಸುವುದಿಲ್ಲ. ಟ್ರಾನ್ಸಾಕ್ಷನ್ ಶುರು ಎಂದರೆ ಸರಿ ಎನ್ನುತ್ತದೆ, ಖಾಯಂ ಮಾಡು ಎಂದರೂ ಸರಿ ಎನ್ನುತ್ತದೆ. ಪ್ಲಗ್ ಕಿತ್ತರೆ ಮೊದಲಿನ ಹಾಗೆಯೇ ನುಂಗಿಹಾಕುತ್ತದೆ.

ಹತ್ತನೇ ಸಲ ಆದಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಲೆಕ್ಕಪತ್ರ ನೋಡುವ ಅಕ್ಕ ಬಂದು, "ಏನಾಯ್ತೇ, ಮನೇಲಿ ಯಾರಾದ್ರೂ ಹೋದ್ರಾ?" ಎಂದು ಕೇಳಿದರು. ಹೌದು ಅನ್ನಲೋ ಇಲ್ಲ ಅನ್ನಲೋ ತೋಚಲಿಲ್ಲ.

ಊಟ ಮಾಡುತ್ತೇನೆ. ಅಮ್ಮ ತಟ್ಟೆ ತಂದಿಡುತ್ತಾಳೆ. ಅವಲಕ್ಕಿ ಅಗಿಯುತ್ತಾ ಹೆಸರುಗಳನ್ನು ಹೇಳಿಕೊಳ್ಳುತ್ತಿರುತ್ತೇನೆ.

ಜುನು


ಭೋಜ್‌ಪುರ
15 ಭದೌ, 2073

ಜುನು,

ತಪ್ಪು ನಿನ್ನದಲ್ಲ. ಡೇಟಾಬೇಸಿನಲ್ಲಿ ಹೆಸರುಗಳನ್ನಿಡುವ ಆ ಕೋಷ್ಟಕಗಳೇ ಹಳೇ ಬಗೆಯವು. ನಾವು ಮೊದಲ ವರ್ಷ ಯಾರದೋ ಹಳೇ ಪ್ರೋಗ್ರಾಮಿನಿಂದ ಎತ್ತಿಕೊಂಡೆವಲ್ಲ, ಅವು. ಆ ಬಗೆಯ ಕೋಷ್ಟಕಕ್ಕೆ ಟ್ರಾನ್ಸಾಕ್ಷನ್ ಎಂದರೇನೆಂದೇ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವುದೂ ಇಲ್ಲ. ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ಒಂದೊಂದು ಸಾಲನ್ನೂ ಆ ಕ್ಷಣಕ್ಕೇ ಖಾಯಂ ಮಾಡಿಬಿಡುತ್ತದೆ. ಎಲ್ಲ ಕೋಷ್ಟಕಗಳನ್ನೂ ಹೊಸ ಬಗೆಗೆ ಬದಲಾಯಿಸಬೇಕು. ಮೊದಲು ನಕಲು ತೆಗೆದಿಡು. ಒಂದು ಶನಿವಾರ ಕೇಂದ್ರಗಳೆಲ್ಲ ಮುಚ್ಚಿರುವಾಗ ಮಾಡು. ಕ್ರಮವನ್ನು ಹಿಂಬದಿಯ ಹಾಳೆಯಲ್ಲಿ ಬರೆದಿದ್ದೇನೆ.

ರತ್ನಮಾಯಾಳ ಮನೆಗೆ ಹೋಗಿದ್ದೆ.

ಅರುಣ್ ನದಿಯ ಕಡೆಗೆ ಇಳಿಯುವ ಊರು. ಗಂಡನ ಹೆಸರು ಜಂಗಬೀರ್. ಅರವತ್ತರ ಆಸುಪಾಸು. ಅಂಗಳದಲ್ಲಿ ಕೂತು ಜೋಳದ ತೆನೆ ಬಿಡಿಸುತ್ತಿದ್ದ. ದಾರಿ ತಪ್ಪಿ ಬಂದ ಮೇಷ್ಟ್ರು ಅಂದೆ. ಮಜ್ಜಿಗೆ ಕೊಟ್ಟ, ಹುರಿದ ಜೋಳ ಕೊಟ್ಟ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದೆ. ಅಷ್ಟೇ ಕೇಳಿದ್ದು. ಉಳಿದದ್ದು ತಾನೇ ಹೇಳಿದ.

"ನಮ್ಮವ್ಳು ಪೂಸ್ ತಿಂಗ್ಳಲ್ಲಿ ಹೋದ್ಲು ಮಾಸ್ಟರ್ ಸಾಬ್. ನನ್ನಿಂದ್ಲೇ ಹೋದ್ಲು."

"ಹಾಗ್ಯಾಕಂತೀರಿ ದಾಜು?"

"ಧರಾನ್‌ನಲ್ಲಿ ಕೋಣೆ ಮಾಡ್ಕೊಂಡಿದ್ವಿ. ವಾರಕ್ಕೆರಡು ಸಲ ರಕ್ತ ತೊಳೀತಿದ್ರು. ಒಂದಿನ ಮೆಸೇಜು ಬಂತು, ಬೇರೆ ಕಡೆ ಕುರ್ಚಿ ಆಗಿದೆ, ಕರೆ ಮಾಡ್ತೀವಿ ಅಂತ. ಕರೆ ಬರೋ ತನ್ಕ ಊರಲ್ಲಿರೋಣ ಅಂದ್ಲು. ಮೊಮ್ಮಗೂನ ನೋಡ್ಬೇಕು ಅಂತ ಆಸೆ. ಕರ್ಕೊಂಡು ಬಂದೆ. ಇಲ್ಲಿ ಟವರ್ ಸಿಗಲ್ಲ. ಅಗೋ, ಆ ಗುಡ್ಡದ ನೆತ್ತಿ ಇದ್ಯಲ್ಲ, ಅಲ್ಲಿ ಮಾತ್ರ. ಫೋನ್ ತಗೊಂಡು ಹೋಗಿ ಕೂತ್ಕೋ ಅಂದ್ಲು. ನಾಲ್ಕು ದಿನ ಕೂತೆ. ಬೆಳಿಗ್ಗೆ ಹೋಗೋದು, ಕತ್ಲಾದ್ಮೇಲೆ ಬರೋದು. ಐದನೇ ದಿನ ಎಮ್ಮೆಗೆ ಹುಲ್ಲಿರ್ಲಿಲ್ಲ. ಹುಲ್ಲು ಕುಯ್ಯೋಕೆ ಹೋದೆ."

ತೆನೆಯ ಕಾಳು ಬಿಡಿಸುವುದನ್ನು ನಿಲ್ಲಿಸಿದ.

"ಕರೆ ಅವತ್ತು ಬಂದಿರುತ್ತೆ. ಎಮ್ಮೆಗೋಸ್ಕರ ನನ್ ಹೆಂಡ್ತೀನ ಕಳ್ಕೊಂಡೆ."

ಜುನು, ಆ ದಿನ ಕರೆ ಬಂದಿರಲಿಲ್ಲ. ಯಾವ ದಿನವೂ ಬಂದಿರಲಿಲ್ಲ. ಈ ಒಂದು ಮಾತನ್ನು ಅವನಿಗೆ ಹೇಳಲಿಲ್ಲ. ಮಜ್ಜಿಗೆ ಕುಡಿದು, ದಾರಿ ಕೇಳಿಕೊಂಡು, ಎದ್ದು ಬಂದೆ. ದಾರಿ ತೋರಿಸಲು ಅರ್ಧ ಗಂಟೆ ಜೊತೆಗೇ ನಡೆದು ಬಂದ.

ಇಂದ್ರ


ಕೀರ್ತಿಪುರ
18 ಅಸೋಜ್, 2073

ಇಂದ್ರ,

ಆಯಿತು. ನೀನು ಬರೆದ ಕ್ರಮದಲ್ಲೇ ಕೋಷ್ಟಕಗಳನ್ನು ಬದಲಾಯಿಸಿದೆ. ಒಂದು ಶನಿವಾರ ಸಾಲಲಿಲ್ಲ, ಮೂರು ಬೇಕಾಯಿತು. ನಿನ್ನೆ ನಲವತ್ತು ಸಲ ಪ್ಲಗ್ ಕಿತ್ತೆ. ನಲವತ್ತು ಸಲವೂ ಹೆಸರು ತಾನಿದ್ದ ಜಾಗದಲ್ಲೇ ಇತ್ತು. ಸುವೇದಿ ಸರ್‌ಗೆ ತೋರಿಸಿದೆ. "ಶಾಭಾಸ್ ಜುನು ಜೀ, ಇನ್ನು ಅದ್ರ ಮಾತು ಬೇಡ" ಅಂದರು. ದಸೈಂ ಹಬ್ಬದ ರಜೆಗೆ ಎಲ್ಲರೂ ಊರಿಗೆ ಹೊರಟಿದ್ದಾರೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಪರದೆಯ ಮೇಲೆ ಒಂದು ಚುಕ್ಕೆಯೂ ಬದಲಾಗಿಲ್ಲ.

ಈಗ ಇನ್ನೊಂದು ವಿಷಯ. ಬರೆಯಬಾರದು ಎಂದುಕೊಂಡಿದ್ದೆ.

ಅಸಾರಿನಲ್ಲಿ ನಾನು ಎಣಿಸಿದಾಗ ಸಿಕ್ಕಿದ್ದು ಒಂಬತ್ತಲ್ಲ, ಹತ್ತು. ಮೆಸೇಜು ಹೋಗಿ, ಎರಡೂ ಪಟ್ಟಿಯಲ್ಲಿ ಇಲ್ಲದವರು ಹತ್ತು. ಹತ್ತನೆಯದು ಎಲ್ಲಕ್ಕಿಂತ ಹಳೆಯದು: 2071ರ ಮಾಘ, ನಾವು ಪ್ರೋಗ್ರಾಂ ಬಳಕೆಗೆ ಬಿಡುವುದಕ್ಕೆ ಹನ್ನೆರಡು ದಿನ ಮುಂಚೆ. ಹೆಸರಿನ ಜಾಗದಲ್ಲಿ 'ಪರೀಕ್ಷೆ' ಎಂದಿದೆ. ಮೆಸೇಜು ಹೋಗಿರುವ ನಂಬರು ನಿನ್ನದು, ನಿನ್ನ ಹಳೆಯದು.

ನೀನು ಪ್ಲಗ್ ಕಿತ್ತು ನೋಡಿದ್ದೆ. ಹೆಸರು ಹೋಗಿತ್ತು. ಮೆಸೇಜು ನಿನ್ನ ಫೋನಿಗೆ ಬಂದಿತ್ತು. ಅದಾದ ಮೇಲೂ ಸಭೆಯಲ್ಲಿ ನೀನು ಹೇಳಿದ್ದು "ಹೀಗಾಗಬಹುದು" ಎಂದು ಮಾತ್ರ. ಹೀಗಾಯಿತು ಎಂದು ಹೇಳಲಿಲ್ಲ. ಅದೊಂದು ಮಾತು ಹೇಳಿದ್ದರೆ ನಾನು ನಿಲ್ಲಿಸುತ್ತಿದ್ದೆ. ನಾನು ಹಟಮಾರಿ, ಆದರೆ ಕಣ್ಣಿಂದ ಕಂಡದ್ದನ್ನು ಇಲ್ಲವೆನ್ನುವವಳಲ್ಲ. ಅದು ನಿನಗೆ ಗೊತ್ತಿತ್ತು.

ಮೂರೂವರೆ ತಿಂಗಳಿಂದ ಪತ್ರ ಬರುತ್ತಲೇ ಇದೆ. ಪ್ರತಿಯೊಂದನ್ನೂ, ಇದರಲ್ಲಾದರೂ ಬರೆದಿರುತ್ತಾನೆ ಎಂದು ಒಡೆಯುತ್ತಿದ್ದೆ.

ಜುನು


ಭೋಜ್‌ಪುರ
20 ಕಾರ್ತಿಕ್, 2073

ಜುನು,

ನಿನ್ನ ಪತ್ರ ಬಂದು ಮೂರು ವಾರವಾಯಿತು. ದಿನಾ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತೇನೆ.

ಹೌದು. ಕಂಡಿದ್ದೆ.

ಅದು ಸಭೆಯ ಹಿಂದಿನ ದಿನ, ಎಲ್ಲರೂ ಚಹಾಕ್ಕೆ ಹೋಗಿದ್ದಾಗ. ಒಂದೇ ಸಲ ಮಾಡಿದೆ, ಮೊದಲ ಸಲವೇ ಹೋಯಿತು. ಫೋನ್ ಜೇಬಿನಲ್ಲಿ ಸದ್ದು ಮಾಡಿತು. ನಿನಗೆ ತೋರಿಸಬೇಕೆಂದು ಎದ್ದೂ ನಿಂತೆ. ಆಮೇಲೆ, ಇರಲಿ, ನಾಳೆ ಸಭೆಯಲ್ಲಿ ಎಲ್ಲರ ಮುಂದೆ ತೋರಿಸುತ್ತೇನೆ, ಜುನು ಎಲ್ಲರ ಮುಂದೆ ಒಪ್ಪಿಕೊಳ್ಳಲಿ ಅಂದುಕೊಂಡೆ. ಅಷ್ಟು ಸಣ್ಣತನ ಆಗಲೇ ಇತ್ತು.

ಸಭೆಯಲ್ಲಿ ನಾನು ಹೀಗಾಗಬಹುದು ಎನ್ನುತ್ತಿದ್ದಂತೆಯೇ ನೀನು ನನ್ನನ್ನು ಹೆದರುಪುಕ್ಕಲ ಅಂದೆ. "ಇವ್ನಿಗೆ ಎಲ್ಲದ್ರಲ್ಲೂ ಭಯ, ಇವ್ನ ಮಾತು ಕೇಳಿದ್ರೆ ನಾವು ಹುಟ್ಟೋದೇ ಇಲ್ಲ" ಅಂದೆ. ಎಲ್ಲರೂ ನಕ್ಕರು. ಸುವೇದಿ ಸರ್ ಕೂಡ ನಕ್ಕರು. ನನ್ನ ಕೈ ಜೇಬಿನಲ್ಲಿ ಫೋನಿನ ಮೇಲೇ ಇತ್ತು. ತೆಗೆಯಲಿಲ್ಲ. ಆಗಲಿ, ನಾಳೆ ಒಂದು ಹೆಸರು ಹೋದಾಗ ತಾನೇ ಓಡಿಬರುತ್ತಾಳೆ, ಆಗ ಹೇಳುತ್ತೇನೆ ಅಂದುಕೊಂಡೆ. ಜುನು, ನಾನು ಹೆಸರು ಎಂದುಕೊಂಡೆ. ಆ ಹೆಸರಿಗೆ ಒಬ್ಬ ಮನುಷ್ಯ ಇರುತ್ತಾನೆ ಎಂದು ಆ ಗಳಿಗೆಯಲ್ಲಿ ತಲೆಗೆ ಹೋಗಲಿಲ್ಲ. ಹೋಗಗೊಡಲಿಲ್ಲ.

ಆಮೇಲೆ ರಾಜೀನಾಮೆ ಕೊಟ್ಟು ಊರಿಗೆ ಬಂದೆ. ವೈಶಾಖದಲ್ಲಿ ಭೂಕಂಪವಾಯಿತು. ಗೋಡೆ ಎತ್ತುವುದು, ಅತ್ತಿಗೆಯನ್ನು ನೋಡಿಕೊಳ್ಳುವುದು, ಹೀಗೇ ದಿನಗಳು ಹೋದವು. ಒಂದು ವರ್ಷದಲ್ಲಿ ನಿನಗೆ ಒಂದು ಸಾಲು ಬರೆಯಲು ಬೇಕಾದಷ್ಟು ಬಿಡುವಿತ್ತು. ನಾಕಾಬಂದಿಯಾಗಿ ಕಾಠ್ಮಂಡುವಿನಲ್ಲಿ ಹನ್ನೆರಡು ಗಂಟೆ ಕರೆಂಟಿಲ್ಲ ಎಂದು ರೇಡಿಯೋದಲ್ಲಿ ಕೇಳಿದ ದಿನ ನನಗೆ ಇದು ನೆನಪಾಗಿತ್ತು. ನೆನಪಾಗಲಿಲ್ಲ ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ. ನೆನಪಾಗಿತ್ತು. ಎದ್ದು ರೇಡಿಯೋ ಆರಿಸಿದೆ.

ನಿನ್ನ ಮೊದಲ ಪತ್ರ ಬಂದಾಗ, ಒಡೆಯುವ ಮುಂಚೆಯೇ ಒಳಗೇನಿದೆಯೆಂದು ಗೊತ್ತಾಗಿತ್ತು.

ಜಂಗಬೀರ್ ಎಮ್ಮೆಗೆ ಹುಲ್ಲು ಕುಯ್ಯಲು ಹೋದದ್ದಕ್ಕೆ ತನ್ನನ್ನು ತಾನೇ ಶಪಿಸಿಕೊಳ್ಳುತ್ತಿದ್ದಾನೆ. ಅವನ ಮುಂದೆ ಕೂತು ನಾನು ಮಜ್ಜಿಗೆ ಕುಡಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಯಾರ ಪರವಾಗಿ ನೀನು ಕ್ಷಮಿಸಬೇಕು?

ಇಂದ್ರಹಾಂಗ್


ಸಿಂಧುಲಿ, ಬಸ್ ನಿಲ್ದಾಣ
24 ಮಂಸಿರ್, 2073

ಇಂದ್ರ,

ನಿನ್ನ ಪತ್ರಕ್ಕೆ ಏನು ಬರೆಯಬೇಕೆಂದು ಗೊತ್ತಾಗದೆ ಇಷ್ಟು ದಿನ ಬಿಟ್ಟೆ. ಈಗಲೂ ಗೊತ್ತಿಲ್ಲ. ಸಭೆಯಲ್ಲಿ ಆ ಮಾತು ಅಂದದ್ದು ನಾನೇ. ಅವತ್ತು ನಿನ್ನ ಕೈ ಜೇಬಿನಲ್ಲಿತ್ತೋ ಇಲ್ಲವೋ ನಾನು ನೋಡಲಿಲ್ಲ; ಎಲ್ಲರೂ ನಗುತ್ತಾರಾ ಎಂದು ನೋಡುತ್ತಿದ್ದೆ. ಇದಕ್ಕಿಂತ ಹೆಚ್ಚು ನಮ್ಮಿಬ್ಬರ ಬಗ್ಗೆ ಬರೆಯುವುದಿಲ್ಲ.

ತಿಹಾರ್ ಹಬ್ಬ ಕಳೆದ ಮೇಲೆ ಕಾಠ್ಮಂಡುವಿನಲ್ಲಿ ಕರೆಂಟು ಹೋಗುತ್ತಲೇ ಇಲ್ಲ. ಅಂಗಡಿಯವರು ಇನ್ನು ಬೇಡವೆಂದು ತಮ್ಮ ಇನ್ವರ್ಟರ್ ಮಾರಿಬಿಡುತ್ತಿದ್ದಾರೆ. ಜನಕ್ಕೆ ಹಬ್ಬ. ನಾನು ಮಾತ್ರ ದೀಪ ನೋಡುತ್ತಾ ಕೂತಿರುತ್ತೇನೆ. ಹೋದ ಚಳಿಗಾಲದಲ್ಲಿ ಹೀಗೆ ಉರಿದಿದ್ದರೆ ಆ ಏಳು ಜನ ಮನೆಯಲ್ಲಿರುತ್ತಿದ್ದರು. ಏಳೇ. ಫೋನ್ ಸಿಗದ ಇನ್ನೊಬ್ಬನ ಸುದ್ದಿಯೂ ಬಂತು.

ಸುವೇದಿ ಸರ್‌ಗೆ ರಜೆ ಬರೆದುಕೊಟ್ಟೆ. ಎಲ್ಲಿಗೆಂದು ಕೇಳಿದರು. ಸತ್ತವರ ಮನೆಗಳಿಗೆ ಎಂದು ಹೇಳಿದೆ. "ಹೋಗ್ಬೇಡಿ ಅಂತ ನಾನು ಹೇಳಲ್ಲ. ವಾಪಸ್ ಬಂದ್ಮೇಲೆ ಈ ಕುರ್ಚಿ ನಿಮ್ದಾಗಿರಲ್ಲ, ಅಷ್ಟೇ" ಅಂದರು. ಆಮೇಲೆ ಎದ್ದು ಬಂದು ಬಾಗಿಲ ತನಕ ಕಳಿಸಿಕೊಟ್ಟರು.

ಜಂಗಬೀರ್‌ಗೆ ನೀನು ಹೇಳಬೇಕು. ಅವನಿಗೆ ಈ ಸುದ್ದಿ ತಲುಪಲೇಬೇಕು, ತಲುಪಿಸುವವನು ನೀನೇ ಆಗಬೇಕು. ಯಾವತ್ತು ಹೋಗುತ್ತೀಯ ಎಂದು ನನಗೆ ಬರೆಯಬೇಡ. ಹೋಗು.

ನಾನು ಸುನ್ತಲಿಯ ಮನೆಗೆ ಮೊದಲು ಹೋದೆ. ಬೀಗ ಹಾಕಿತ್ತು. ಮಗಳ ಮನೆಗೆ ಹೋಗಿದ್ದಾಳಂತೆ. ಇವತ್ತು ಸುಕುಮಾನ್ ಮಾಝಿಯ ಮನೆಗೆ ಹೋಗಿದ್ದೆ. ಆ ಏಳು ಜನರಲ್ಲಿ ಒಬ್ಬ, ಅವನಿಗೆ ಇಪ್ಪತ್ತಾರು ವರ್ಷವಾಗಿತ್ತು. ಸುನ್‌ಕೋಶಿ ದಡದಲ್ಲಿ ಮನೆ. ತಾಯಿ ಫೂಲ್‌ಮತಿ, ಹೆಂಡತಿ ಗೋಮಾ. ಗೋಮಾ ಮೀನು ಒಣಹಾಕುತ್ತಿದ್ದಳು. ಒಳಗೆ ಕರೆದು ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ, ಸಣ್ಣ ಸಣ್ಣ ಮಾತಿನಲ್ಲಿ. ಕಂಪ್ಯೂಟರು, ಕರೆಂಟು, ಎರಡು ಪಟ್ಟಿ. ಫೂಲ್‌ಮತಿ ಮಧ್ಯೆ ಒಂದು ಸಲವೂ ತಡೆಯಲಿಲ್ಲ. ಮುಗಿದ ಮೇಲೆ ಕೇಳಿದಳು.

"ಅಂದ್ರೆ, ಇಲ್ಲಿಂದ ತೆಗೆದ್ರಿ."

"ಹೌದು ಆಮಾ."

"ಅಲ್ಲಿ ಹಾಕ್ಲಿಲ್ಲ."

"ಹಾಕ್ಲಿಲ್ಲ."

"ಅವ್ನು ಹೋಗಿದ್ದು ಹದ್ನಾಲ್ಕನೇ ದಿನ. ಆ ಹದ್ನಾಲ್ಕು ದಿನ ನನ್ ಮಗ ಎಲ್ಲಿದ್ದ?"

"ಯಾವ ಪಟ್ಟೀಲೂ ಇರ್ಲಿಲ್ಲ ಆಮಾ. ಎಲ್ಲೂ ಇರ್ಲಿಲ್ಲ."

"ಎಲ್ಲೂ ಇರ್ಲಿಲ್ಲ ಅಂತೀಯಲ್ಲ ಮಗ್ಳೇ" ಎಂದು ಅವಳು ಪಕ್ಕದ ಮಂಚವನ್ನು ಕೈಯಿಂದ ತಟ್ಟಿದಳು. "ಇಲ್ಲಿದ್ದ. ಇದ್ರ ಮೇಲೆ. ಮುಖ ಊದ್ಕೊಂಡು, ಉಸಿರಾಡೋಕಾಗ್ದೆ, ಇಲ್ಲೇ ಇದ್ದ. ಯಾರಾದ್ರೂ ಬಂದು ನೋಡಿದ್ರೆ ಕಾಣ್ತಿದ್ದ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬೆರಳು ಮಡಚಿ ಮಡಚಿ ಏನೋ ಎಣಿಸುತ್ತಿದ್ದಳು. ನಾನು ಕಾಲು ಹಿಡಿಯಲು ಬಗ್ಗಿದೆ, ಕಾಲು ಒಳಗೆ ಎಳೆದುಕೊಂಡಳು.

ಗೋಮಾ ಬಸ್ಸಿನ ದಾರಿಯ ತನಕ ಬಂದಳು. ನನ್ನ ಚೀಲವನ್ನು ಅವಳೇ ಹೊತ್ತಿದ್ದಳು. ತಿರುವಿನಲ್ಲಿ ಚೀಲ ಕೊಟ್ಟು, "ದಿದಿ, ನೀವು ಬರ್ಬಾರ್ದಿತ್ತು" ಅಂದಳು.

ನಾನು ಚೀಲ ಹೆಗಲಿಗೆ ಹಾಕಿಕೊಂಡೆ.

"ಇಷ್ಟು ದಿನ ಅತ್ತೆ, ಕಾಯಿಲೆ ದೊಡ್ಡದಿತ್ತು, ದೇವ್ರು ಕರ್ಕೊಂಡ ಅಂದ್ಕೊಂಡಿದ್ರು. ಒಂದು ವರ್ಷ ಬೇಕಾಯ್ತು, ಅವ್ರು ಹೊಟ್ಟೆ ತುಂಬ ಉಣ್ಣೋಕೆ. ಈಗ ನೋಡಿ, ಆ ಹದ್ನಾಲ್ಕು ದಿನಾನ ಒಂದೊಂದಾಗಿ ಎಣಿಸ್ತಾ ಕೂತಿದಾರೆ. ನೀವು ಹೇಳಿ ಹಗುರ ಆದ್ರಿ. ನಾನಿವ್ರನ್ನ ಹೇಗೆ ಸುಧಾರಿಸ್ಲಿ?"

ಹಗುರವಾಗಿಲ್ಲ ಎಂದು ಹೇಳಬೇಕೆನಿಸಿತು. ಅದನ್ನು ಅವಳಿಗೆ ಯಾಕೆ ಹೇಳಬೇಕು ಎನಿಸಿ ಬಿಟ್ಟೆ. ಅವಳು ಮೀನಿಗೆ ಕಾಗೆ ಬರುತ್ತದೆಂದು ಬೇಗ ಬೇಗ ಇಳಿದು ಹೋದಳು.

ಈಗ ನಿಲ್ದಾಣದ ಚಹಾ ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮುಂದಿನ ಮನೆ ರಾಮೇಛಾಪ್‌ನಲ್ಲಿದೆ. ಅಲ್ಲಿ ಒಬ್ಬ ಮುದುಕ ತಂದೆ, ಇಬ್ಬರು ಹೆಣ್ಣುಮಕ್ಕಳು. ಅವರೂ ಈಗ ಹೊಟ್ಟೆ ತುಂಬ ಉಣ್ಣುತ್ತಿದ್ದಾರೋ, ಅಥವಾ ಅಲ್ಲೂ ಒಬ್ಬ ಜಂಗಬೀರ್ ತನ್ನನ್ನು ಶಪಿಸಿಕೊಳ್ಳುತ್ತಿದ್ದಾನೋ, ಹೋಗದೆ ನನಗೆ ಗೊತ್ತಾಗುವುದಿಲ್ಲ. ಹೋದಮೇಲೆ ಗೊತ್ತಾಗಿಯೂ ಪ್ರಯೋಜನವಿಲ್ಲ. ಎದುರಿಗೆ ಎರಡು ಬಸ್ಸು ನಿಂತಿವೆ. ಒಂದು ಆ ಕಡೆಗೆ, ಇನ್ನೊಂದು ಕಾಠ್ಮಂಡುವಿಗೆ. ಕಾಠ್ಮಂಡು ಬಸ್ಸಿನ ಕಂಡಕ್ಟರ್ ಎರಡು ಸಲ ಬಂದು, "ಬರ್ತೀರಾ ದಿದಿ, ಕೊನೇ ಸೀಟು" ಎಂದು ಕೇಳಿದ.

ಅದು ಈಗ ಹೊರಟಿತು. ನಾನಿನ್ನೂ ಕೂತಿದ್ದೇನೆ.

ಜುನು